ದುಗ್ಗಮ್ಮನ ಜಾತ್ರೆಯಿಂದ ಜಾತ್ರೆಗೆ ಲೆಕ್ಕ ಇಡಿ

ಪ್ರಶ್ನೆ: ಮೇಡಂ, ನಮ್ಮದು ಹಳೇ ದಾವಣಗೆರೆಯ ಒಂದು ಓಣಿ. ಅಪ್ಪ ಮಿಲ್ಲಿನಲ್ಲಿ ದುಡಿದವರು. ನಾನು ಅಲ್ಲೇ ಒಂದು ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮೂರು ವರ್ಷದ ಹಿಂದೆ ಓಣಿಯವರು ಸೇರಿ ಒಂದು ಬಳಗ ಕಟ್ಟಿದೆವು. ಭಾನುವಾರ ಗುಡಿಸಿದೆವು, ಗೋಡೆಗೆ ಬಣ್ಣ ಬಳಿದೆವು, ಹೊಂಗೆ ಸಸಿ ನೆಟ್ಟೆವು. ಮೊದಲ ವಾರ ನಲವತ್ತು ಜನ ಬಂದಿದ್ದರು, ಈಗ ಆರೇ ಜನ. ಸಸಿಗಳಲ್ಲಿ ಮುಕ್ಕಾಲು ಪಾಲು ಒಣಗಿ ಹೋದವು. ಹೊಸದಾಗಿ ಹಾಕಿದ ಸಿಮೆಂಟ್ ರಸ್ತೆಯನ್ನು ಪೈಪಿಗಾಗಿ ಅಗೆದರು. ಒಂಬತ್ತು ಮನೆಗೆ ಬೀಗ ಬಿದ್ದಿದೆ, ಅವುಗಳ ಮುಂದೆಯೇ ಕಸ ಬೀಳುತ್ತದೆ. ತುದಿಯಲ್ಲಿರುವ ಹಳೇ ಮಿಲ್ ಗೋದಾಮನ್ನು ಸಮುದಾಯ ಭವನ ಮಾಡಿಕೊಡಿ ಅಂತ ಅರ್ಜಿ ಕೊಟ್ಟು ಕೊಟ್ಟು ಸಾಕಾಯಿತು. 'ಈ ಓಣಿ ಉದ್ಧಾರ ಆಗಲ್ಲ, ಮನೆ ಮಾರಿ ರೈಲು ಹಳಿಯಾಚೆ ಹೋಗೋಣ' ಅಂತ ಮಗ ಹೇಳುತ್ತಾನೆ. ಇನ್ನೂ ಎಷ್ಟು ವರ್ಷ ಕಾಯಬೇಕು? ಇಷ್ಟಾದ ಮೇಲೂ ಭರವಸೆ ಇಟ್ಟುಕೊಂಡಿರುವುದು ದಡ್ಡತನವೇ?

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತಿದ್ದು 'ಆರೇ ಜನ' ಅನ್ನುವಲ್ಲಿ. ಮೂರು ವರ್ಷ ಕಳೆದ ಮೇಲೂ ಆರು ಜನ ಉಳಿದಿದ್ದಾರಲ್ಲ! ನಾನು ನಗರಸಭೆಗಳಲ್ಲಿ ಸಮುದಾಯ ಸಂಘಟಕಿಯಾಗಿ ಸರ್ವೀಸ್ ಮುಗಿಸಿದವಳು. ಮೊದಲ ವಾರದ ನಲವತ್ತು ಜನರನ್ನು ಬಹಳ ಕಡೆ ಕಂಡಿದ್ದೇನೆ, ಮೂರನೆಯ ವರ್ಷದ ಆರು ಜನರನ್ನು ಕಂಡಿದ್ದು ತೀರಾ ಕಡಿಮೆ. ಆ ನಲವತ್ತು ಜನ ಉತ್ಸಾಹಕ್ಕೆ ಬಂದವರು. ಈ ಆರು ಜನ ಓಣಿಗಾಗಿ ಉಳಿದವರು. ಹಾಗಾಗಿ ನಿಮ್ಮ ಭರವಸೆ ದಡ್ಡತನ ಅಂತ ನಾನು ಒಪ್ಪುವುದಿಲ್ಲ. ಆದರೆ ಅದನ್ನು ಯಾವುದರ ಮೇಲೆ ಇಟ್ಟಿದ್ದೀರಿ, ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೀರಿ ಅನ್ನುವ ಬಗ್ಗೆ ನನಗೆ ತಕರಾರಿದೆ. ಅದನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಒಂದು ಓಣಿ ಹೇಗೆ ಸೊರಗುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ನಿಮ್ಮ ಊರು ಹುಟ್ಟಿದ್ದೇ ವ್ಯಾಪಾರದಿಂದ. ಹೈದರಾಲಿಯಿಂದ ಜಹಗೀರು ಪಡೆದ ಅಪ್ಪೋಜಿ ರಾಮ ಎಂಬ ಮರಾಠಾ ಸರದಾರ ವರ್ತಕರನ್ನು ಕರೆದು ನೆಲೆ ಕೊಟ್ಟ ಮೇಲೆ ಈ ಸಣ್ಣ ಹಳ್ಳಿ ಪೇಟೆಯಾಯಿತು. ಆಮೇಲೆ ಹತ್ತಿ ಬಂತು, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಫ್ಯಾಕ್ಟರಿಗಳು ಬಂದವು, 1930ರ ದಶಕದಿಂದ ಒಂದೊಂದಾಗಿ ಮಿಲ್ಲುಗಳು ಎದ್ದವು, 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನುವ ಹೆಸರೂ ಬಂತು. ಕಾರ್ಮಿಕ ಸಂಘಗಳ ಬಲ ಎಷ್ಟಿತ್ತೆಂದರೆ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಊರಿನ ಜನ ಒಂದಕ್ಕಿಂತ ಹೆಚ್ಚು ಬಾರಿ ವಿಧಾನಸಭೆಗೆ ಕಳಿಸಿದರು. ಮಿಲ್ಲುಗಳು ಬಾಗಿಲು ಹಾಕುತ್ತಾ ಬಂದಾಗ ಹೋಗಿದ್ದು ಬರೀ ಸಂಬಳವಲ್ಲ. ಮೂರು ಪಾಳಿಯ ಜನ ಓಡಾಡುತ್ತಿದ್ದ ಓಣಿಗೆ ಒಂದೇ ಪಾಳಿ ಉಳಿಯಿತು. ರಾತ್ರಿ ಪಾಳಿಯವರು ಇಲ್ಲ ಅಂದಮೇಲೆ ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿಸುತ್ತಿದ್ದ ಚಹಾದಂಗಡಿ ಆರಕ್ಕೆ ತೆರೆಯಿತು, ಆಮೇಲೆ ಮುಚ್ಚಿತು. ಚಹಾದಂಗಡಿ ಹೋದ ಮೇಲೆ ಪಕ್ಕದ ಬೀಡಿ ಅಂಗಡಿ, ಸೈಕಲ್ ಶಾಪು, ಖಾನಾವಳಿ. ಓದಿದ ಮಕ್ಕಳು ಬೆಂಗಳೂರಿಗೆ ಹೋದರು, ಉಳಿದವರಲ್ಲಿ ಕೈಯಲ್ಲಿ ನಾಲ್ಕು ಕಾಸಿದ್ದವರು ಹೊಸ ಬಡಾವಣೆಗಳಲ್ಲಿ ಸೈಟು ತೆಗೆದುಕೊಂಡರು. ಮನೆಗೆ ಬೀಗ ಬಿತ್ತು. ಬೀಗ ಬಿದ್ದ ಮನೆಯ ಮುಂದೆ ಕಸ ಬಿತ್ತು.

ಈ ಸಾಲಿನಲ್ಲಿ ಕಸ ಎಲ್ಲಿ ಬಂತು ನೋಡಿ. ಎಲ್ಲಕ್ಕಿಂತ ಕೊನೆಗೆ. ನೀವು ಕೆಲಸ ಶುರು ಮಾಡಿದ್ದು ಅಲ್ಲಿಂದ. ತಪ್ಪೇನಿಲ್ಲ, ಎಲ್ಲರೂ ಕಣ್ಣಿಗೆ ಕಾಣುವುದರಿಂದಲೇ ಶುರು ಮಾಡುತ್ತಾರೆ. ಆದರೆ ಭಾನುವಾರ ಗುಡಿಸಿದ ಜಾಗ ಬುಧವಾರಕ್ಕೆ ಮತ್ತೆ ಹಾಗೇ ಆದಾಗ 'ನಮ್ಮ ಜನ ಇಷ್ಟೇ' ಅನ್ನಿಸುತ್ತದೆ. ಹಾಗೆ ಅನ್ನಿಸಿದ ದಿನ ಮೂವತ್ತನಾಲ್ಕು ಜನ ಮನೆಯಲ್ಲಿ ಉಳಿಯುತ್ತಾರೆ. ನಿಮ್ಮ ಜನ ಕೆಟ್ಟವರಲ್ಲ. ಬೆಳಗ್ಗೆ ನೀರು ಚಿಮುಕಿಸಿ ರಂಗೋಲಿ ಹಾಕುವ ಬಾಗಿಲ ಮುಂದೆ ಯಾರೂ ಕವರು ಎಸೆಯುವುದಿಲ್ಲ, ಕೇಳುವವರಿಲ್ಲದ ಬಾಗಿಲ ಮುಂದೆ ಎಸೆಯುತ್ತಾರೆ. ನಿಮ್ಮ ಓಣಿಯ ಕಸದ ಸಮಸ್ಯೆ ಅಸಲಿಗೆ ಒಂಬತ್ತು ಬೀಗದ ಸಮಸ್ಯೆ.

ಹಾಗಾಗಿ ಬೀಗದ ವಿಚಾರವನ್ನೇ ವಿವರವಾಗಿ ಹೇಳುತ್ತೇನೆ. ಹಳೇ ಪೇಟೆಗಳಲ್ಲಿ ಬೀಗ ಬಿದ್ದ ಮನೆ ಅಂದರೆ ಸಾಮಾನ್ಯವಾಗಿ ಅಜ್ಜನ ಹೆಸರಿನಲ್ಲೇ ಖಾತೆ ಉಳಿದಿರುವ ಮನೆ. ಅಜ್ಜನಿಗೆ ಐದು ಮಕ್ಕಳು, ಅವರ ಮಕ್ಕಳು ಹದಿನೈದು. ಒಬ್ಬರು ಮಾರೋಣ ಅಂದರೆ ಇನ್ನೊಬ್ಬರು ಇರಲಿ ಅನ್ನುತ್ತಾರೆ. ರಿಪೇರಿಗೆ ಯಾರೂ ಕೈ ಹಾಕುವುದಿಲ್ಲ, ಯಾಕೆಂದರೆ ಖರ್ಚು ಮಾಡಿದವರಿಗೆ ಪಾಲು ಜಾಸ್ತಿ ಬರುವುದಿಲ್ಲ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ಆ ತಿದ್ದುಪಡಿ ಬರುವ ಹೊತ್ತಿಗೆ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇದು ನ್ಯಾಯ, ನನಗೆ ಸಂತೋಷದ ವಿಷಯ. ಆದರೆ ಮದುವೆಯಾಗಿ ಹೋದ ಅತ್ತೆಯಂದಿರ ಸಹಿ ಇಲ್ಲದೆ ಅಣ್ಣತಮ್ಮಂದಿರು ಮುಗಿಸಿಕೊಳ್ಳುತ್ತಿದ್ದ ಬಾಯಿಮಾತಿನ ಪಾಲು ಈಗ ನಡೆಯುವುದಿಲ್ಲ ಅನ್ನುವುದು ಬಹಳ ಮನೆಗಳಿಗೆ ಇನ್ನೂ ಅರಗಿಲ್ಲ. ಮುಸ್ಲಿಂ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ, ಸಹಿಯ ತೊಡಕು ಮಾತ್ರ ಅದೇ. ಈಗ ಇ-ಖಾತೆ, ಅಂದರೆ ಕಂಪ್ಯೂಟರಿಗೆ ಏರಿಸಿದ ಆಸ್ತಿ ಖಾತೆ, ಇಲ್ಲದೆ ನೋಂದಣಿಯೂ ಆಗುವುದಿಲ್ಲ, ಇ-ಖಾತೆಗೆ ವಾರಸುದಾರರ ದಾಖಲೆ ಸರಿಯಾಗಬೇಕು. ಹೀಗೆ ಗಂಟಿನ ಮೇಲೆ ಗಂಟು ಬಿದ್ದು ಬೀಗ ತುಕ್ಕು ಹಿಡಿಯುತ್ತದೆ.

ಈ ಗಂಟು ಬಿಚ್ಚಲು ಆರು ಜನ ಸಾಕು. ಇದನ್ನು ಬರೀ ಬಾಯಿಮಾತಿಗೆ ಹೇಳುತ್ತಿಲ್ಲ, ಮಾಡಿ ನೋಡಿದ್ದೇನೆ. ಒಂಬತ್ತು ಮನೆಗಳಲ್ಲಿ ಯಾವುದರ ವಾರಸುದಾರರು ಪರಸ್ಪರ ಮಾತಾಡುತ್ತಾರೋ ಆ ಒಂದನ್ನು ಮೊದಲು ಆರಿಸಿಕೊಳ್ಳಿ. ಜಗಳ ಕೋರ್ಟು ಹತ್ತಿದ ಮನೆ ಬೇಡ, ಅದು ಆಮೇಲೆ. ವಂಶವೃಕ್ಷ ಯಾರು ಮಾಡಿಸಬೇಕು, ಮರಣ ಪ್ರಮಾಣಪತ್ರ ಯಾರದ್ದು ಕಳೆದಿದೆ, ಬಾಕಿ ಕಂದಾಯ ಎಷ್ಟು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ. ದೂರದ ಊರಿನಲ್ಲಿ ಇರುವವರಿಗೆ ಮನಸ್ಸಿಲ್ಲ ಅಂತಲ್ಲ, ಎಲ್ಲಿಂದ ಶುರು ಮಾಡಬೇಕು ಅಂತ ತಿಳಿದಿರುವುದಿಲ್ಲ. ಭಿನ್ನಾಭಿಪ್ರಾಯ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟಿನ ಆವರಣದಲ್ಲೇ ಇರುತ್ತದೆ. ಕೇಸು ಹಾಕುವ ಮೊದಲೇ ಲೋಕ ಅದಾಲತ್ತಿಗೆ ವಿಷಯ ಒಯ್ಯಬಹುದು. ಅಲ್ಲಿ ಇಬ್ಬರೂ ಒಪ್ಪಿದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಆಗಲೇ ಕೇಸು ನಡೆಯುತ್ತಿದ್ದು ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹತೆ ಇದೆ. ಇದನ್ನು ಅತ್ತೆಯಂದಿರಿಗೆ ಮೊದಲು ತಿಳಿಸಿ. ಎಷ್ಟೋ ಮನೆಗಳಲ್ಲಿ 'ನನ್ನನ್ನು ಯಾರೂ ಕೇಳಲಿಲ್ಲ' ಅನ್ನುವ ಒಂದೇ ನೋವು ಸಹಿಯನ್ನು ತಡೆದಿರುತ್ತದೆ.

ಮಾರಲು ಇಷ್ಟವಿಲ್ಲದಿದ್ದರೆ ಬಾಡಿಗೆಗೆ ಕೊಡಲಿ. ನಿಮ್ಮ ಊರು ಈಗ ಮಿಲ್ಲಿನ ಊರಿಗಿಂತ ಹೆಚ್ಚಾಗಿ ಕಾಲೇಜಿನ ಊರು. ಮೆಡಿಕಲ್, ಎಂಜಿನಿಯರಿಂಗ್, 2009ರಿಂದ ವಿಶ್ವವಿದ್ಯಾಲಯ ಬೇರೆ. ಪಿಜಿಗೆ ಹಣ ಸುರಿಯಲಾಗದ ಹಳ್ಳಿ ಹುಡುಗರು, ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನರ್ಸುಗಳು ಸಣ್ಣ ಬಾಡಿಗೆಯ ಮನೆ ಹುಡುಕುತ್ತಲೇ ಇರುತ್ತಾರೆ. 'ಬಾಡಿಗೆಗೆ ಕೊಟ್ಟರೆ ಬಿಡಲ್ಲ' ಅನ್ನುವ ಭಯ ಮನೆಯವರಿಗಿದೆ. ಹನ್ನೊಂದು ತಿಂಗಳ ಕರಾರು ಬರೆಸಿ, ನಿಮ್ಮಲ್ಲೊಬ್ಬರು ನಡುವೆ ನಿಂತು ತಿಂಗಳ ಬಾಡಿಗೆ ಅವರ ಬ್ಯಾಂಕ್ ಖಾತೆಗೆ ಹೋಗುವಂತೆ ನೋಡಿಕೊಂಡರೆ ಆ ಭಯ ಅರ್ಧ ಇಳಿಯುತ್ತದೆ. ಮೂರು ನರ್ಸುಗಳು ಒಂದು ಮನೆಗೆ ಬಂದರು ಅಂದುಕೊಳ್ಳಿ. ಅವರು ರಾತ್ರಿ ಪಾಳಿ ಮುಗಿಸಿ ಬರುತ್ತಾರೆ. ಬೆಳಗಿನ ಜಾವದ ಚಹಾಕ್ಕೆ ಮತ್ತೆ ಗಿರಾಕಿ ಹುಟ್ಟಿತು. ನಾನು ಜೀವ ಬರುವುದು ಅನ್ನುವುದು ಇದಕ್ಕೆ.

ಆದರೆ ಹದಿನೈದು ಜನರನ್ನು ಒಟ್ಟಿಗೆ ಕೂರಿಸುವುದು ಹೇಗೆ? ಇಲ್ಲಿ ನಿಮ್ಮ ಊರಿಗೆ ಒಂದು ಭಾಗ್ಯವಿದೆ. ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಆ ವಾರ ಬೆಂಗಳೂರು, ಪುಣೆ ಎಲ್ಲಿದ್ದವರೂ ಬರುತ್ತಾರೆ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಸುಣ್ಣಬಣ್ಣ ಕಾಣದ ಗೋಡೆಯೂ ಆಗ ಸುಣ್ಣ ಕಾಣುತ್ತದೆ. ನೀವು ಜಾತ್ರೆಗೆ ಎರಡು ತಿಂಗಳ ಮೊದಲೇ ಆ ಕುಟುಂಬಕ್ಕೆ ಫೋನು ಮಾಡಿ, ಹಾಳೆ ಸಿದ್ಧ ಇಟ್ಟುಕೊಂಡು, ಜಾತ್ರೆ ಊಟ ಮುಗಿದ ಮಾರನೇ ದಿನ ನಿಮ್ಮ ಅಂಗಡಿಯ ಮುಂದೆ ನಾಲ್ಕು ಕುರ್ಚಿ ಹಾಕಿ. ಊಟದ ದಿನ ಬೇಡ, ಅವತ್ತು ಯಾರ ಕಿವಿಯೂ ಕೇಳುವುದಿಲ್ಲ. ವಕೀಲರ ಕಚೇರಿಯಲ್ಲಿ ಎರಡು ವರ್ಷದಲ್ಲಿ ಆಗದ ಮಾತು ಅಮ್ಮನ ಹೆಸರಿನಲ್ಲಿ ಒಂದು ಬೆಳಗ್ಗೆ ಆಗಿಬಿಡುವುದುಂಟು. ಆ ಜಾತ್ರೆಗೆ ಆಗಲಿಲ್ಲವೋ, ಮುಂದಿನ ಜಾತ್ರೆಗೆ.

ನಿಮ್ಮ 'ಎಷ್ಟು ವರ್ಷ' ಅನ್ನುವ ಪ್ರಶ್ನೆಗೂ ನನ್ನ ಉತ್ತರ ಇಲ್ಲೇ ಇದೆ. ತಿಂಗಳ ಲೆಕ್ಕ ಬಿಡಿ, ಜಾತ್ರೆಯ ಲೆಕ್ಕ ಹಿಡಿಯಿರಿ. ಒಂದು ಜಾತ್ರೆಯಿಂದ ಇನ್ನೊಂದಕ್ಕೆ ಒಂದು ಬೀಗ ತೆರೆದರೆ ಅದು ಒಳ್ಳೆಯ ಗತಿ, ಎರಡು ತೆರೆದರೆ ಹಬ್ಬ. ಮೂವತ್ತು ನಲವತ್ತು ವರ್ಷದಲ್ಲಿ ಇಳಿದ ಓಣಿ ಮೂರು ವರ್ಷಕ್ಕೆ ಏರಲಿಲ್ಲ ಅಂತ ಅದರ ಮೇಲೆ ಮುನಿಸಿಕೊಂಡರೆ ಅನ್ಯಾಯ. ನಾಲ್ಕೈದು ಜಾತ್ರೆ ಹಿಡಿಯುತ್ತದೆ ಅಂತ ಮೊದಲೇ ಮನಸ್ಸಿಗೆ ಹೇಳಿಬಿಡಿ. ಹಾಗೆ ಹೇಳಿಕೊಂಡವರಿಗೆ ಪ್ರತಿ ಭಾನುವಾರದ ಹಾಜರಿ ಎದೆಗೆ ಚುಚ್ಚುವುದಿಲ್ಲ.

ನಮ್ಮ ಯಜಮಾನರ ಊರು ಹಿರಿಯೂರಿನ ಕಡೆ. ಅಲ್ಲಿಯ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳುವುದಕ್ಕೆ 2022 ಬರಬೇಕಾಯಿತು. ಎಂಬತ್ತೊಂಬತ್ತು ವರ್ಷ! ಜನ ಗಾಡಿ ಕಟ್ಟಿಕೊಂಡು ಬಂದು ನೋಡಿದರು, ಅರಿಶಿನ ಕುಂಕುಮ ಬಿಟ್ಟರು, ನಾನೂ ಹೋಗಿದ್ದೆ. ಅವತ್ತು ನನ್ನ ತಲೆಯಲ್ಲಿ ಓಡುತ್ತಿದ್ದುದೇ ಬೇರೆ. ಕೋಡಿ ಬೀಳದ ಆ ಎಂಬತ್ತೊಂಬತ್ತು ವರ್ಷಗಳಲ್ಲಿ ಡ್ಯಾಮು ಸುಮ್ಮನೆ ಕೂತಿರಲಿಲ್ಲ. ನೀರು ತೀರಾ ತಳ ಕಂಡ ಬರಗಾಲಗಳನ್ನು ಬಿಟ್ಟರೆ ನಾಲೆಗಳಲ್ಲಿ ನೀರು ಹರಿದಿದೆ, ತೆಂಗು ಅಡಿಕೆ ಬೆಳೆದಿದೆ, ಊರುಗಳಿಗೆ ಕುಡಿಯುವ ನೀರು ಹೋಗಿದೆ. ಕೋಡಿಯನ್ನೇ ಎಣಿಸುತ್ತಾ ಕೂತವರಿಗೆ ಅದು ಸೋತ ಅಣೆಕಟ್ಟು, ನಾಲೆ ನೋಡಿದವರಿಗೆ ಅನ್ನ ಕೊಟ್ಟ ಅಣೆಕಟ್ಟು. ನೀವು ಕಾಯುತ್ತಿರುವುದು ಕೋಡಿಗೆ. ಗೋದಾಮು ಭವನವಾಗಬೇಕು, ಓಣಿಗೆ ಓಣಿಯೇ ಮಿಂಚಬೇಕು ಅಂತ. ನಾಲೆಯಲ್ಲಿ ಏನು ಹರಿಯುತ್ತಿದೆ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಅದಕ್ಕೆ ನನ್ನ ಹಳೆಯ ರೂಢಿಯೊಂದಿದೆ. ಪ್ರತಿ ಅಮಾವಾಸ್ಯೆಯ ರಾತ್ರಿ ಎಂಟಕ್ಕೆ ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ದೀಪ ಉರಿಯುವ ಬಾಗಿಲು ಎಷ್ಟು, ತೆರೆದ ಅಂಗಡಿ ಎಷ್ಟು, ಕಟ್ಟೆಯ ಮೇಲೆ ಕೂತವರಲ್ಲಿ ಹೆಂಗಸರು ಎಷ್ಟು, ಒಬ್ಬರೇ ನಡೆದು ಹೋಗುತ್ತಿರುವ ಹೆಣ್ಣುಮಕ್ಕಳು ಎಷ್ಟು ಅಂತ ಒಂದು ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಬರೆಯುವುದು. ಅಮಾವಾಸ್ಯೆ ಯಾಕೆಂದರೆ ಬೆಳದಿಂಗಳು ಮೋಸ ಮಾಡುವುದಿಲ್ಲ, ಕೆಟ್ಟ ಬೀದಿದೀಪವೂ ಸಿಕ್ಕಿಬೀಳುತ್ತದೆ. ಕೊನೆಯ ಸಂಖ್ಯೆ ನನಗೆ ಎಲ್ಲಕ್ಕಿಂತ ಮುಖ್ಯ. ಒಂದು ಓಣಿ ಚೇತರಿಸಿಕೊಳ್ಳುತ್ತಿದೆಯೋ ಇಲ್ಲವೋ ಅನ್ನುವುದು ಗೋಡೆಯ ಬಣ್ಣಕ್ಕಿಂತ ಮೊದಲು ಟ್ಯೂಷನ್ ಮುಗಿಸಿ ಬರುವ ಹುಡುಗಿಯ ನಡಿಗೆಯಲ್ಲಿ ಗೊತ್ತಾಗುತ್ತದೆ. ಅವಳು ಸುತ್ತುದಾರಿ ಬಿಟ್ಟು ನಿಮ್ಮ ಓಣಿಯಲ್ಲೇ ಬರಲು ಶುರು ಮಾಡಿದರೆ ನಿಮ್ಮ ಆರು ಜನರ ಬಳಗ ಗೆಲ್ಲುತ್ತಿದೆ. ಹನ್ನೆರಡು ಅಮಾವಾಸ್ಯೆಯ ಲೆಕ್ಕ ಕೈಯಲ್ಲಿದ್ದರೆ ಮಗನ ಜೊತೆ ವಾದ ಮಾಡುವುದಕ್ಕೂ ಹಿಡಿತ ಸಿಗುತ್ತದೆ. ಲೆಕ್ಕ ಇಳಿಯುತ್ತಿದ್ದರೆ ಅವನ ಮಾತನ್ನೂ ಮರ್ಯಾದೆಯಿಂದ ಕೇಳಬೇಕು. ಅವನ ಬಾಳು ಅವನದು, ಓಣಿಯ ಮೇಲಿನ ನಿಮ್ಮ ಪ್ರೀತಿಗೆ ಅವನನ್ನು ಒತ್ತೆ ಇಡಬೇಡಿ.

ಗೋದಾಮಿನ ಆಸೆಯನ್ನು ಸದ್ಯಕ್ಕೆ ಬಿಡಿ ಅನ್ನುತ್ತೇನೆ. ಕಠಿಣವಾಗಿ ಕೇಳಿಸಬಹುದು. ಮುಚ್ಚಿದ ಮಿಲ್ಲುಗಳ ಆಸ್ತಿ ಸಮಾಪನೆಗೆ, ಅಂದರೆ ಕಂಪನಿ ಮುಚ್ಚಿ ಆಸ್ತಿ ಮಾರಿ ಸಾಲ ತೀರಿಸುವ ಕ್ರಮಕ್ಕೆ, ಹೋಗಿದ್ದರೆ ಅಲ್ಲಿ ಬ್ಯಾಂಕುಗಳ ಸಾಲ, ಕಾರ್ಮಿಕರ ಬಾಕಿ ಎರಡೂ ಹಕ್ಕು ಹೇಳುತ್ತಾ ನಿಂತಿರುತ್ತವೆ. ಪಾಲಿಕೆ ಮನಸ್ಸು ಮಾಡಿದರೂ ತನ್ನದಲ್ಲದ ಆಸ್ತಿಯನ್ನು ಭವನ ಮಾಡಲು ಬರುವುದಿಲ್ಲ. ಅದರ ಕಾಂಪೌಂಡಿನ ಪಕ್ಕ ಎರಡು ದೀಪ ಹಾಕಿಸಿ, ಅಷ್ಟು ಸಾಕು. ಮೂರು ವರ್ಷದ ಅರ್ಜಿಗಳ ಶ್ರಮ ಒಂದು ಬೀಗದ ಮನೆಗೆ ಹಾಕಿದ್ದರೆ ಇಷ್ಟೊತ್ತಿಗೆ ಅಲ್ಲಿ ದೀಪ ಉರಿಯುತ್ತಿತ್ತೇನೋ.

ರಸ್ತೆಯ ವಿಷಯ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿ ಬಂದಾಗ ಅದರಲ್ಲಿ ದಾವಣಗೆರೆಯೂ ಇತ್ತು. ಆಗಿನ ಸಂಭ್ರಮ ನೆನಪಿದೆ. ಯೋಜನೆಯ ದುಡ್ಡು ರಸ್ತೆ ತರುತ್ತದೆ, ಚರಂಡಿ ತರುತ್ತದೆ, ಅವು ಬೇಕು. ಆದರೆ ಯಾವ ಯೋಜನೆಯೂ ಓಣಿಗೆ ಜನರನ್ನು ತರುವುದಿಲ್ಲ. ಇನ್ನು ಹೊಸ ರಸ್ತೆ ಅಗೆಯುವುದು ನಿಮ್ಮ ಓಣಿಯ ಶಾಪವೇನಲ್ಲ, ಒಳಚರಂಡಿ, ನೀರು, ಕೇಬಲ್ ಒಂದೊಂದೂ ಒಂದೊಂದು ಕೈಯಲ್ಲಿ ಇರುವುದರ ಫಲ. ಮುಂದಿನ ಸಲ ಟೇಪು ಹಿಡಿದು ಅಳತೆಗೆ ಬಂದ ದಿನವೇ ಹೋಗಿ ಕೇಳಿ: ಕೆಳಗಿನ ಪೈಪಿನ ಕೆಲಸ ಮುಗಿದಿದೆಯಾ? ಹಳೇ ಪದರ ಕಿತ್ತು ಹಾಕುತ್ತೀರಾ, ಮೇಲೆಯೇ ಸುರಿಯುತ್ತೀರಾ? ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮೇಲೆ ಮೇಲೆ ಸುರಿದು ಸುರಿದು ರಸ್ತೆ ಹೊಸ್ತಿಲಿಗಿಂತ ಎತ್ತರವಾಗುತ್ತದೆ, ಮಳೆ ನೀರು ಮನೆಯೊಳಗೆ ನುಗ್ಗುತ್ತದೆ, ತಂಪು ಹಿಡಿದ ಮಣ್ಣಿನ ಗೋಡೆ ಕೂರುತ್ತದೆ, ಇನ್ನೊಂದು ಮನೆಗೆ ಬೀಗ ಬೀಳುತ್ತದೆ. ಒಳ್ಳೆಯ ಉದ್ದೇಶದ ರಸ್ತೆಯೇ ಮನೆ ಖಾಲಿ ಮಾಡಿಸಿದ್ದನ್ನು ನಾನು ಕಂಡಿದ್ದೇನೆ. ಅಂದಾಜು ಪಟ್ಟಿ, ಅಳತೆ ಪುಸ್ತಕ ಎರಡನ್ನೂ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು, ಪ್ರತಿಗೆ ಪುಟದ ಲೆಕ್ಕದಲ್ಲಿ ಬೇರೆ. ಕಾಂಕ್ರೀಟಿಗೆ ಎರಡು ವಾರವಾದರೂ ನೀರು ಕಟ್ಟಬೇಕು, ಅದನ್ನು ಓಣಿಯವರೇ ನೋಡಿಕೊಂಡರೆ ರಸ್ತೆಯ ಆಯುಸ್ಸು ಹೆಚ್ಚುತ್ತದೆ. ಎಂಜಿನಿಯರ್ ಜೊತೆ ಜಗಳಕ್ಕೆ ನಿಲ್ಲಬೇಡಿ. ಪ್ರಶ್ನೆ ತಿಳಿದು ಕೇಳುವ ಜನರನ್ನು ಕಂಡರೆ ಅವರಿಗೂ ಒಂದು ಧೈರ್ಯ, ಗುತ್ತಿಗೆದಾರನಿಗೆ ಹೇಳಲು ಒಂದು ನೆಪ.

ಇನ್ನು ಒಂದು ಎಚ್ಚರಿಕೆ, ಇದನ್ನು ಹೇಳದೆ ಇರಲಾರೆ. ಓಣಿ ಚೆಂದ ಮಾಡುವ ಹುಮ್ಮಸ್ಸಿನಲ್ಲಿ ದುಡಿಮೆಯನ್ನು ಓಡಿಸಬೇಡಿ. ಮುಂಬೈಯಲ್ಲಿ 1982ರ ಮಹಾಮುಷ್ಕರದ ನಂತರ ಮಿಲ್ಲುಗಳು ಒಂದೊಂದಾಗಿ ನಿಂತು, ಆ ಜಾಗದಲ್ಲಿ ಮಾಲುಗಳೂ ಗೋಪುರದಂಥ ಕಟ್ಟಡಗಳೂ ಎದ್ದವು. ಗಿರಣಗಾಂವ್ ಅನ್ನುವ ಆ ಮಿಲ್ಲುಗಳ ಪ್ರದೇಶ ಈಗ ಝಗಮಗಿಸುತ್ತದೆ, ಆದರೆ ಅಲ್ಲಿ ದುಡಿದ ಎಷ್ಟೋ ಕುಟುಂಬಗಳು ಅಲ್ಲಿಲ್ಲ. ಅದನ್ನು ಚೇತರಿಕೆ ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ನಿಮ್ಮ ಊರಿನ ಮಂಡಕ್ಕಿ ಭಟ್ಟಿಗಳನ್ನೇ ತೆಗೆದುಕೊಳ್ಳಿ. ಭತ್ತ ನೆನೆಸಿ, ಹುರಿದು, ಸಿಪ್ಪೆ ತೆಗೆದು, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಅರಳಿಸುವವರೆಗೆ ಎಷ್ಟು ಕೈ ಬೇಕು! ಬೆಂಕಿಯ ಮುಂದೆ ಹೆಂಗಸರು ಮಕ್ಕಳು ಹೊಗೆ ಕುಡಿಯುತ್ತಾ ಕೂರುವುದು ತಪ್ಪಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಗೆ ಹೋಗಬೇಕು, ಭಟ್ಟಿ ಉಳಿಯಬೇಕು. ಭಟ್ಟಿಯನ್ನೇ ಎತ್ತಿ ಊರಾಚೆ ಹಾಕಿದರೆ ಆ ಕೇರಿಗೆ ಉಳಿಯುವುದು ಬರೀ ಗಾಳಿ. ನಿಮ್ಮ ಓಣಿಯಲ್ಲೂ ಸಂಜೆ ಮಿರ್ಚಿ ಗಾಡಿ ನಿಲ್ಲುತ್ತದಲ್ಲ, 'ಗಲೀಜು' ಅಂತ ಅದನ್ನು ತೆಗೆಸಲು ಬಳಗದಲ್ಲಿ ಯಾರಾದರೂ ಮಾತೆತ್ತಿದರೆ ತಡೆಯಿರಿ. ಎಂಟು ಗಂಟೆಯಲ್ಲಿ ಆ ಓಣಿಯಲ್ಲಿ ಬೆಳಕೂ ಜನವೂ ಇರುವುದು ಆ ಬಾಣಲೆಯ ಸುತ್ತ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ರಕ್ಷಣೆ ಕೊಟ್ಟಿದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸ್ಥಾನ ಅವರದೇ. ಕಸದ ಬುಟ್ಟಿ ಇಡಿಸಿ, ಎಣ್ಣೆ ಚರಂಡಿಗೆ ಬೀಳದಂತೆ ನೋಡಿಕೊಳ್ಳಿ, ಗಾಡಿ ಇರಲಿ.

ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಹಮದಾಬಾದಿನ ಹಳೇ ಪೇಟೆಯ ಓಣಿಗಳಿಗೆ 'ಪೋಳ್' ಅನ್ನುತ್ತಾರೆ. ಅದೂ ಮಿಲ್ಲಿನ ಊರು, ಅಲ್ಲಿಯೂ ಮಿಲ್ಲು ಮುಚ್ಚಿದವು, ಅಲ್ಲಿಯೂ ಜನ ಹೊಳೆಯಾಚೆಗೆ ಹೋದರು. 1997ರ ನವೆಂಬರ್‌ನಲ್ಲಿ ಅಲ್ಲಿ ಒಂದು ಪಾರಂಪರಿಕ ನಡಿಗೆ ಶುರುವಾಯಿತು. ಬೆಳಗ್ಗೆ ಕಾಲುಪುರದ ಸ್ವಾಮಿನಾರಾಯಣ ದೇವಸ್ಥಾನದಿಂದ ಹೊರಟು ಪೋಳ್‌ಗಳಲ್ಲಿ ಹಾದು ಜಾಮಾ ಮಸೀದಿಗೆ ಮುಗಿಯುವ ನಡಿಗೆ. ಇಪ್ಪತ್ತು ವರ್ಷ ಆದ ಮೇಲೆ, 2017ರಲ್ಲಿ, ಯುನೆಸ್ಕೊ ಆ ಹಳೇ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬರೀ ನಡಿಗೆಯಿಂದ ಆಯಿತು ಅಂತ ನಾನು ಹೇಳುವುದಿಲ್ಲ, ಪಾಲಿಕೆಯೂ ದುಡಿದಿದೆ, ಮನೆ ಮಾಲೀಕರೂ ದುಡಿದಿದ್ದಾರೆ. ಪಟ್ಟಿಗೆ ಸೇರಿದ ಮೇಲೂ ಅಲ್ಲಿ ಮನೆಗಳು ಖಾಲಿಯಾಗುವುದು ನಿಂತಿಲ್ಲ. ಆದರೂ ಅದೇ ಹೊತ್ತು, ಅದೇ ದಾರಿ, ವರ್ಷಗಟ್ಟಲೆ ಕಾಲು ಹಾಕಿದ್ದರಿಂದ ಓಣಿಯವರಿಗೆ ತಮ್ಮ ಮರದ ಕಂಬದ ಕೆತ್ತನೆ ಬೆಲೆಯುಳ್ಳದ್ದು ಅಂತ ಕಂಡಿತು. ನಿಮ್ಮ ಬಳಗಕ್ಕೂ ಅಂಥ ಒಂದೇ ಒಂದು ತಪ್ಪದ ಹೊತ್ತು ಬೇಕು. ಭಾನುವಾರದ ಸ್ವಚ್ಛತೆ ದಣಿಸುತ್ತದೆ. ಅದನ್ನು ತಿಂಗಳಿಗೊಮ್ಮೆ ಮಾಡಿ. ಅದರ ಬದಲು ವಾರಕ್ಕೊಂದು ಸಂಜೆ, ಮಂಗಳವಾರ ಅಂತಿಟ್ಟುಕೊಳ್ಳಿ, ಏಳರಿಂದ ಎಂಟು, ಒಂದೇ ಕಟ್ಟೆಯ ಮೇಲೆ ಆರೂ ಜನ ಕೂರಿ. ಕಾರ್ಯಕ್ರಮ ಬೇಡ, ಭಾಷಣ ಬೇಡ, ಖಾರ ಮಂಡಕ್ಕಿ ಇರಲಿ. ಯಾರಿಗಾದರೂ ಖಾತೆಯ ವಿಷಯವೋ ನಲ್ಲಿಯ ವಿಷಯವೋ ಕೇಳಬೇಕಿದ್ದರೆ ಮಂಗಳವಾರ ಅಲ್ಲಿ ಸಿಗುತ್ತಾರೆ ಅಂತ ಓಣಿಗೆ ಗೊತ್ತಾಗಬೇಕು. ಗೊತ್ತಾಗಲು ಒಂದು ವರ್ಷ ಹಿಡಿಯುತ್ತದೆ. ಆ ವರ್ಷ ನಿಮ್ಮ ಆರರಲ್ಲಿ ಇಬ್ಬರು ಮೂವರೇ ಕೂತ ಮಂಗಳವಾರಗಳೂ ಬರುತ್ತವೆ. ಕೂರಿ.

ಪಾಲಿಕೆಯ ಜೊತೆಗಿನ ಕೆಲಸಕ್ಕೆ ಹೆಚ್ಚು ಬರೆಯುವುದಿಲ್ಲ. ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿಸಿ, ಶೇ. 5 ರಿಯಾಯಿತಿ ಸಿಗುತ್ತದೆ, 'ನಮ್ಮ ಓಣಿ ಬಾಕಿ ಇಲ್ಲದ ಓಣಿ' ಅನ್ನುವ ಮಾತಿಗೆ ಕಚೇರಿಯಲ್ಲಿ ತೂಕವಿದೆ. ಒಂದು ಅರ್ಜಿಯಲ್ಲಿ ಒಂದೇ ಬೇಡಿಕೆ ಇರಲಿ. ಸ್ವೀಕೃತಿ ಇಲ್ಲದೆ ಅರ್ಜಿ ಕೊಟ್ಟು ಬರಬೇಡಿ. ಪೌರಕಾರ್ಮಿಕರ ಹೆಸರು ಓಣಿಯ ಮಕ್ಕಳಿಗೆಲ್ಲ ಗೊತ್ತಿರಲಿ, ಬೇಸಿಗೆಯಲ್ಲಿ ಅವರಿಗೆ ಮಜ್ಜಿಗೆ ಕೊಡುವ ಒಂದು ಮನೆ ಇರಲಿ.

ಕೊನೆಗೆ ಸಸಿಗಳು. ಈ ವಿಷಯದಲ್ಲಿ ನನ್ನದೇ ಒಂದು ನೋವಿದೆ. ಸರ್ವೀಸಿನ ಮೊದಲ ವರ್ಷಗಳಲ್ಲಿ, ಬೇರೊಂದು ಊರಿನಲ್ಲಿ, ಪರಿಸರ ದಿನಕ್ಕೆ ಒಂದೇ ಬೆಳಗ್ಗೆ ಇನ್ನೂರು ಸಸಿ ನೆಡಿಸಿದೆ. ಯಾರು ನೀರು ಹಾಕುತ್ತಾರೆ ಅಂತ ನಾನು ಒಬ್ಬರನ್ನೂ ಕೇಳಿರಲಿಲ್ಲ. ಮುಂದಿನ ಯುಗಾದಿಗೆ ಹನ್ನೊಂದು ಉಳಿದಿದ್ದವು, ಹನ್ನೊಂದೂ ಯಾರದೋ ಮನೆ ಬಾಗಿಲ ಎದುರಿನವು, ಪಾತ್ರೆ ತೊಳೆದ ನೀರು ಕುಡಿದು ಬದುಕಿದವು. ಅಂದಿನಿಂದ ಜಾಗ ನೋಡಿ ಸಸಿ ನೆಡುವುದನ್ನು ಬಿಟ್ಟೆ, ಮನೆಯಾಕೆಯನ್ನು ನೋಡಿ ನೆಡಲು ಶುರು ಮಾಡಿದೆ.

ಮತ್ತೆ ನೆಡಿ. ಹೊಂಗೆಯೇ ಇರಲಿ, ನಿಮ್ಮ ಬಿಸಿಲಿಗೆ ಅದರಷ್ಟು ತಂಪು ನೆರಳು ಬೇರೆಯದರಲ್ಲಿ ಸಿಗುವುದು ಕಷ್ಟ. ಮೂವತ್ತು ಬೇಡ, ಐದು ಸಾಕು. ಬೆಸ್ಕಾಂ ತಂತಿಯ ಕೆಳಗೆ ಬೇಡ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ಈಗಲೇ ತೆಗೆದು ಬಿಸಿಲು ಕಾಣಿಸಿ, ಜೂನ್ ಮಳೆ ಹದವಾಗಿ ಬಿದ್ದ ಮೇಲೆ ಆಳೆತ್ತರದ ಸಸಿ ತಂದು ನೆಡಿ. ಎರಡು ಬೇಸಿಗೆ ವಾರಕ್ಕೆ ಎರಡು ಸಲ ಒಂದೊಂದು ಕೊಡ ನೀರು ಬೇಕು. ಒಂದೊಂದು ಸಸಿಗೂ ಒಂದೊಂದು ಮನೆಯ ಹೆಸರು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಮನೆಯಾಕೆಯನ್ನು ಕೇಳಿಯೇ ಬರೆಯಿರಿ. ಮೊದಲನೆಯದು ಆ ಮಿರ್ಚಿ ಗಾಡಿಯ ಹತ್ತಿರ ಇರಲಿ, ಅಲ್ಲಿ ದಿನವೂ ಸಂಜೆ ಬಕೆಟ್ ತುಂಬ ನೀರು ಇರುತ್ತದೆ.